ಎರಡು ಫೋನಿನ ಚೌಕಾಬಾರ

ನಮ್ಮ ಸೋದರಮಾವ ಕುರ್ಚಿಯ ಮೇಲೆ ಐದು ನಿಮಿಷ ಕೂತದ್ದನ್ನು ಕಂಡೆವೆಂದು ಶಿಕಾರಿಪುರದಲ್ಲಿ ಯಾರಾದರೂ ಹೇಳಿದರೆ, ಅವರು ನೋಡಿದ್ದು ಬೇರೆ ಯಾರನ್ನೋ ಎಂದೇ ತಿಳಿಯಿರಿ! ಗಣಿತದ ಮೇಷ್ಟ್ರಾಗಿ ನಿವೃತ್ತರಾದ ಮೇಲೆ ಅವರು ಮೊಬೈಲ್ ಆ್ಯಪ್ ಬರೆಯಲು ಕಲಿತರು. ಯಾಕೆ? ಚೌಕಾಬಾರಕ್ಕಾಗಿ! ಸೊರಬದಲ್ಲಿರುವ ಅವರ ಅಕ್ಕ, ಅಂದರೆ ನಮ್ಮ ದೊಡ್ಡಮ್ಮ, ಚಿಕ್ಕಂದಿನಿಂದ ಅವರ ಆಟದ ಜೊತೆ. ಮಾವ ಕದ್ದು ಕವಡೆ ತಿರುಗಿಸುವುದು, ದೊಡ್ಡಮ್ಮ ಕಂಡು ಕೈಗೊಂದು ಏಟು ಬಿಡುವುದು ಅರವತ್ತು ವರ್ಷದ ರೂಢಿ. ಈಗ ದೊಡ್ಡಮ್ಮನ ಕಣ್ಣು ಮಂಜಾಗಿ ಕವಡೆ ಕಾಣುವುದಿಲ್ಲ. ಆಟ ನಿಂತುಹೋಗಿದೆ. ಫೋನೇ ಕವಡೆ ಹಾಕಿ, ಬಿದ್ದ ಗರವನ್ನು ಕೂಗಿ ಹೇಳಿದರೆ ಮತ್ತೆ ಆಡಬಹುದೆಂಬುದು ಮಾವನ ಹಟ.

ಆದರೆ ಮಾವನದು ಒಂದು ಜಾತಿಯ ಫೋನು, ದೊಡ್ಡಮ್ಮನಿಗೆ ಸೊಸೆ ಕೊಟ್ಟದ್ದು ಇನ್ನೊಂದು ಜಾತಿಯದು. ಎರಡಕ್ಕೂ ಹೊಂದುವಂತೆ ಒಂದೇ ಸಲ ಬರೆಯುವುದೋ, ಒಂದೊಂದಕ್ಕೂ ಬೇರೆ ಬೇರೆ ಬರೆಯುವುದೋ? ಮಾವ ಇದನ್ನು ಕೇಳದ ಜನರಿಲ್ಲ. ಬಳ್ಳಿಗಾವಿಯ ಮದುವೆಯೊಂದರಲ್ಲಿ ಅಡುಗೆ ಭಟ್ಟರನ್ನೇ ಹಿಡಿದರು.

"ಖಾರ ತಿನ್ನೋರಿಗೂ ತಿನ್ನದೋರಿಗೂ ಒಂದೇ ಸಾರು ಮಾಡ್ತೀರೋ, ಎರಡೋ?"

"ಒಂದೇ ಮಾಡಿದ್ರೆ ಇಬ್ರೂ ಬೈತಾರೆ ರೀ. ಎರಡು ಮಾಡಿದ್ರೆ ಪಾತ್ರೆ ತೊಳೆಯೋರು ಬೈತಾರೆ. ನೀವು ಮೊದ್ಲು ಒಲೆ ಬಿಟ್ಟು ಆಚೆ ಸರೀರಿ!"

ಮಾವ ಒಂದೇ ಸಾರು ಎಂದು ತೀರ್ಮಾನಿಸಿದರು. ಅಂಗಳದಲ್ಲಿ ಓಡಾಡುತ್ತಲೇ ಬರೆದರು. ಕಾಫಿ ಲೋಟ ಹಿಡಿದು ಹಿಂದೆ ಹಿಂದೆ ನಡೆದ ಅತ್ತೆ ಸಣ್ಣಗಾದರು! ಮಾವನ ಫೋನು "ನಾಲ್ಕು ಬಿತ್ತು" ಎಂದು ಚೆನ್ನಾಗಿಯೇ ಕೂಗಿತು. ಸೊರಬಕ್ಕೆ ಹೋಗಿ ದೊಡ್ಡಮ್ಮನ ಫೋನಿಗೆ ಹಾಕಿದರೆ ಅದು ಗರ ಹೇಳದೆ ಬರೀ "ಬಟನ್, ಬಟನ್" ಎಂದು ತಡವರಿಸಿತು.

"ಇದಕ್ಕೂ ನನ್ ಹಂಗೇ ಕಣ್ಣು ಕಾಣ್ಸಲ್ಲ ಅನ್ಸುತ್ತೆ ಮಾರಾಯ!" ಎಂದರು ದೊಡ್ಡಮ್ಮ.

ವಾಪಸು ಬಸ್ಸು ಹತ್ತಿದ ಮಾವ ಹೊಸ ಉಪಾಯ ಹೊಳೆದು ಶಿರಾಳಕೊಪ್ಪದಲ್ಲಿ ಇಳಿದರು. ಮತ್ತೆ ಸೊರಬದ ಬಸ್ಸು ಹತ್ತಿದರು. ಅರ್ಧ ದಾರಿಯಲ್ಲಿ ಆ ಉಪಾಯವೂ ಕೈಕೊಟ್ಟು ಅಲ್ಲೇ ಇಳಿದರು! ಕೊನೆಗೆ ಬರೆದದ್ದನ್ನೆಲ್ಲ ಅಳಿಸಿ, ತಮ್ಮದಕ್ಕೊಂದು, ಅಕ್ಕನ ಫೋನಿಗೊಂದು ಎಂದು ಬೇರೆ ಬೇರೆಯಾಗಿ ಬರೆಯಲು ಕೂತರು. ಕ್ಷಮಿಸಿ, ನಿಂತರು.

ಮೊನ್ನೆ ಮಾವನ ಜೊತೆ ನಾನೂ ಸೊರಬಕ್ಕೆ ಹೋದಾಗ ದೊಡ್ಡಮ್ಮನ ಫೋನು "ನಾಲ್ಕು ಬಿತ್ತು, ನಿಮ್ಮ ಕಾಯಿ ಹಣ್ಣಾಯಿತು" ಎಂದು ಸ್ಪಷ್ಟವಾಗಿ ಹೇಳಿತು. ದೊಡ್ಡಮ್ಮ ನಕ್ಕುಬಿಟ್ಟರು.

"ಇಷ್ಟಕ್ಕೆ ಆರು ತಿಂಗಳು ಒದ್ದಾಡಿದ್ಯೇನೋ? ನೀನೇ ಕವಡೆ ಹಾಕಿ, ಫೋನ್ ಮಾಡಿ ಗರ ಹೇಳಿದ್ರೆ ನಾನು ಆಡ್ತಿರ್ಲಿಲ್ವಾ?"

ಹೌದಲ್ಲ! ನನಗೆ ರೇಗಿಹೋಯಿತು. ಇಷ್ಟು ಸುಲಭದ್ದು ಗಣಿತದ ಮೇಷ್ಟ್ರಿಗೆ ಹೊಳೆಯಲಿಲ್ಲವೇ?

ಮಾವ ಅಕ್ಕನ ಪಕ್ಕ ಕೂತರು. "ಹೊಳೀತು ಅಕ್ಕಾ. ಆದ್ರೆ ನನ್ ಕೈ ನಿಂಗೊತ್ತಲ್ಲ. ಈಗ ನೋಡೋರಿಲ್ಲ, ಹೊಡೆಯೋರಿಲ್ಲ. ಅದಕ್ಕೇ ನಂಗೆ ಮೋಸ ಮಾಡಕ್ಕೇ ಆಗದಂಗೆ ಬರ್ದಿದೀನಿ."

ದೊಡ್ಡಮ್ಮ ತಡಕಾಡಿ ತಮ್ಮನ ಕೈ ಹುಡುಕಿದರು, ಹಳೆಯ ಜಾಗಕ್ಕೇ ಮೆಲ್ಲಗೆ ಒಂದು ಏಟು ಕೊಟ್ಟರು.

ಮಾವ ಸಂಜೆಯವರೆಗೂ ಅಲ್ಲಿಂದ ಏಳಲಿಲ್ಲ.