ಮಗ್ಗದ ಮೋಹಿನಿಯ ರಕ್ತ

ನಿನ್ನೆ ಸಂಜೆ ಹಚ್ಚಿಕೊಂಡ ರಕ್ತ ಇಂದು ಬೆಳಿಗ್ಗೆ ಒಂಬತ್ತಾದರೂ ದುಂಡೇಶನ ಮುಖ ಬಿಟ್ಟು ಹೋಗಲಿಲ್ಲ. ಸಾಬೂನು ಹಚ್ಚಿದ, ನಿಂಬೆಹಣ್ಣು ತಿಕ್ಕಿದ, ಕೊನೆಗೆ ಸೀಮೆಎಣ್ಣೆಯಲ್ಲೂ ಒರೆಸಿದ. ಕನ್ನಡಿಯಲ್ಲಿ ತುಟಿಯಿಂದ ಗದ್ದದವರೆಗೆ ಅದೇ ಕೆಂಪು.

ಅದು ಅವನೇ ಕಲಸಿದ ರಕ್ತ. ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಅಪ್ಪ ಶಿವಯೋಗೆಪ್ಪನ ಕೆಂಪು ಪುಡಿ ಕದ್ದು, ಗಟ್ಟಿಯಾಗಲೆಂದು ಬೆಲ್ಲದ ಪಾಕ, ನೊರೆ ಬರಲೆಂದು ಸೋಡಾ ಪುಡಿ, ಯಾಕೆಂದು ತನಗೇ ಗೊತ್ತಿಲ್ಲದೆ ಒಂದು ಹಿಡಿ ಉಪ್ಪು ಹಾಕಿದ್ದ. ಜಮಖಂಡಿಯ ಕಾಲೇಜಿನಲ್ಲಿ ಇಂದು ಸಿನೆಮಾ ಟ್ರೇಲರ್ ಸ್ಪರ್ಧೆ. ಇವನದು 'ಮಗ್ಗದ ಮೋಹಿನಿ'. ದೆವ್ವವಾಗಲು ಯಾವ ಹುಡುಗಿಯೂ ಒಪ್ಪದ್ದರಿಂದ ಮೋಹಿನಿಯೂ ಇವನೇ ಆಗಿ, ಅಪ್ಪನ ಬಿಳಿ ಧೋತರವನ್ನೇ ಸುತ್ತಿಕೊಂಡಿದ್ದ. ಅದರ ಮೇಲೂ ಎರಡು ಕೆಂಪು ಅಂಗೈ ಮೂಡಿದ್ದವು. ಅದನ್ನು ಮುದ್ದೆ ಮಾಡಿ ಬಚ್ಚಲ ಮೂಲೆಗೆ ತುರುಕಿದ.

ಪುಣ್ಯಕ್ಕೆ ಅಪ್ಪ ಊರಲ್ಲಿರಲಿಲ್ಲ. ಅಪ್ಪ ಹಾಕಿದ ಕೆಂಪು ನೀರಿಗೆ ಬಿದ್ದರೆ ಇಳಿಯುತ್ತದೆಂದು ಸೊಲ್ಲಾಪುರದ ಸಾವುಕಾರ ಸೀರೆಗಳನ್ನು ವಾಪಸು ಕಳಿಸಿದ್ದ. ಆ ಸಾವುಕಾರನನ್ನು ಒಲಿಸಿಕೊಳ್ಳಲು ಅಪ್ಪ ಹೋಗಿದ್ದ. ಹೋಗುವಾಗ ಹೇಳಿದ್ದು ಒಂದೇ ಮಾತು: "ಮೊದಲನೇ ನಂಬರ್ ಬಂತಂದ್ರ ಸಿನೆಮಾ ಕಲ್ಯಾಕ ಕಳಸ್ತೇನಿ. ಇಲ್ಲಾಂದ್ರ ನಾಳಿಯಿಂದ ಬಣ್ಣದ ಹಂಡೆ ಮುಂದ ನಿಂದರಬೇಕ ನೋಡ್."

ಯಾವ ದೆವ್ವಕ್ಕೂ ಹೆದರದ ದುಂಡೇಶ ಆ ಹಂಡೆಯ ಹಬೆಗೆ ಹೆದರುತ್ತಿದ್ದ. ರಬಕವಿಯಿಂದ ಜಮಖಂಡಿಯವರೆಗೆ ಪೋಸ್ಟರ್ ಅಂಟಿಸಿದ್ದ, ನಲವತ್ತು ವಾಟ್ಸಾಪ್ ಗುಂಪುಗಳಿಗೆ ಕಳಿಸಿ ಎಂಟರಿಂದ ಹೊರದಬ್ಬಿಸಿಕೊಂಡಿದ್ದ. ಟ್ರೇಲರ್ ಇದ್ದ ಪೆನ್‌ಡ್ರೈವ್ ಹನ್ನೊಂದರೊಳಗೆ ಕಾಲೇಜು ಮುಟ್ಟಬೇಕಿತ್ತು.

ಮುಖಕ್ಕೆ ಟವೆಲ್ ಸುತ್ತಿ ಬಸ್ಸು ಹತ್ತಿದ. ಅರ್ಧ ದಾರಿಯಲ್ಲಿ ಕಿಟಕಿಯ ಗಾಳಿ ಟವೆಲ್ಲನ್ನು ಎಗರಿಸಿತು.

"ಅಯ್ಯ ಯಪ್ಪಾ! ಬಾಯಾಗಿಂದ ರಕ್ತ ಸುರ್ಯಾಕತ್ತೇತಲ್ಲೋ!" ಪಕ್ಕದ ಸೀಟಿನ ಮುದುಕಿ ಯಲ್ಲವ್ವ ಎದ್ದೇ ನಿಂತಳು.

"ಬಣ್ಣ ಐತಿ ಬೇ, ಸಿನೆಮಾದ್ದು. ನಾ ಮೋಹಿನಿ ಆಗಿದ್ನಿ."

"ಕೇಳಿದ್ರೇನು? ತೆಲಿಗಿ ಪೆಟ್ಟ ಬಿದ್ದೇತಿ, ಏನೇನೋ ಮಾತಾಡಾಕತ್ತಾನ!"

ಕಂಡಕ್ಟರ್ ಸೀಟಿ ಊದಿದ. ಬಸ್ಸು ನಿಲ್ದಾಣಕ್ಕೆ ಹೋಗದೆ ನೇರ ಜಮಖಂಡಿಯ ದವಾಖಾನೆಗೆ ಹೋಯಿತು. ನಾಲ್ಕು ಮಂದಿ ಅವನ ಕೈಕಾಲು ಹಿಡಿದು ಜೋಳದ ಚೀಲದಂತೆ ಇಳಿಸಿದರು. ಡಾಕ್ಟರು ಗಾಯ ಹುಡುಕಿದರು, ಸಿಗಲಿಲ್ಲ. ಹಲ್ಲು ಎಣಿಸಿದರು, ಎಲ್ಲ ಇದ್ದವು. ನರ್ಸಮ್ಮ ಸ್ಪಿರಿಟ್ ಹಚ್ಚಿ ತಿಕ್ಕಿದಳು, ಹತ್ತಿ ಬೆಳ್ಳಗೇ ಉಳಿಯಿತು. ಬಂದವನು ಬರಿಗೈಲಿ ಹೋಗಬಾರದೆಂದು ಒಂದು ಇಂಜೆಕ್ಷನ್ ಚುಚ್ಚಿದರು. ಗಡಿಯಾರದಲ್ಲಿ ಹನ್ನೊಂದಕ್ಕೆ ಐದು ನಿಮಿಷ. ದುಂಡೇಶ ಸೊಂಟ ಹಿಡಿದುಕೊಂಡೇ ಓಡಿದ. ಹಿಂದೆಯೇ ಯಲ್ಲವ್ವ, "ಹಿಡೀರಿ, ಹುಚ್ಚಹಿಡದು ಓಡಾಕತ್ತಾನ!" ಎನ್ನುತ್ತ ಆಟೋ ಹತ್ತಿದಳು.

ಸಭಾಂಗಣದ ಬಾಗಿಲು ಮುಚ್ಚುವಷ್ಟರಲ್ಲಿ ಪೆನ್‌ಡ್ರೈವ್ ಒಳಗೆ ಬಿತ್ತು. ದೀಪ ಆರಿತು. ಹಾಳು ಮಗ್ಗ ತಾನಾಗಿಯೇ ಕಟಕಟ ಎಂದಿತು, ಮೋಹಿನಿ ತಿರುಗಿದಳು, ಮುಂದಿನ ಸಾಲು ಚೀರಿತು. ದುಂಡೇಶನ ಎದೆ ಮಗ್ಗಕ್ಕಿಂತ ಜೋರಾಗಿ ಬಡಿದುಕೊಳ್ಳುತ್ತಿತ್ತು. ಗೆದ್ದೆ ಎಂದೇ ತಿಳಿದ.

ತೀರ್ಪುಗಾರ ಪವಮಾನ ಸರ್ ಮೈಕು ಹಿಡಿದರು. "ಕ್ಯಾಮೆರಾ ಛಲೋ ಅದ. ಮೋಹಿನಿ ನಡಿಗಿನೂ ಅಡ್ಡಿಯಿಲ್ಲ. ಆದರ ರಕ್ತ ಮಾತ್ರ ಖೊಟ್ಟಿ ಕಾಣಸ್ತದ, ಖರೇ ಅನಸೂದಿಲ್ಲ. ಎರಡನೇ ನಂಬರ್."

"ಖೊಟ್ಟಿ?" ಬಾಗಿಲಲ್ಲಿ ಯಲ್ಲವ್ವ ಗುಡುಗಿದಳು. "ಅದ ರಕ್ತ ನೋಡಿ ನಾನ ಅವನ್ನ ದವಾಖಾನಿಗಿ ಒಯ್ದೇನಿ!"

ತೀರ್ಪು ಬದಲಾಗಲಿಲ್ಲ. ದುಂಡೇಶನಿಗೆ ಅಳುವೇ ಬಂತು.

ಸಂಜೆ ಮನೆಗೆ ಬಂದರೆ ಅಪ್ಪ ಬಚ್ಚಲ ಮುಂದೆ ಒದ್ದೆ ಧೋತರ ಹಿಡಿದು ನಿಂತಿದ್ದ. ಎರಡು ಅಂಗೈಗಳೂ ಹೊಸದಾಗಿ ಒತ್ತಿದಂತೆ ಹೊಳೆಯುತ್ತಿದ್ದವು.

"ಎಪ್ಪಾ, ತಪ್ಪಾತು. ಎರಡನೇ ನಂಬರ್..."

"ನಂಬರ್ ಸುಡು. ಈ ಕೆಂಪ ಯಾರ ಕಲಸಿದ್ರಲೇ?"

"ನಾನ."

"ಏನೇನ ಹಾಕಿದ್ದಿ?"

"ಸೋಡಾ, ಉಪ್ಪ... ಬೆಲ್ಲ."

ಶಿವಯೋಗೆಪ್ಪ ಮಗನ ಗದ್ದಕ್ಕೆ ಹೆಬ್ಬೆರಳು ಒತ್ತಿ ಉಜ್ಜಿದ, ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಒಂದು ಚುಕ್ಕಿಯೂ ಹತ್ತಿರಲಿಲ್ಲ. ಅವನ ಕಣ್ಣು ತುಂಬಿ ಬಂತು. ಆತುರದಿಂದ ಫೋನು ಹಚ್ಚಿದ.

"ಸಾವ್ಕಾರ್ರ, ಕೆಂಪ ಸಿಕ್ತರಿ! ಕುದಿಯೂ ನೀರಾಗ ಮೂರ ಸಲ ಅದ್ದೇನಿ, ಹನಿ ಬಿಟ್ಟಿಲ್ಲ. ನನ್ನ ಮಗಾನ ಕಲಸ್ಯಾನ. ಚಿಂತಿ ಬ್ಯಾಡ್ರಿ, ಬಣ್ಣಾನೂ ಹೋಗೂದಿಲ್ಲ, ಮಗಾನೂ ಎಲ್ಲಿಗೂ ಹೋಗೂದಿಲ್ಲ!"