ನಾಲ್ಕು ಬುಲ್‌ಬುಲ್, ಒಂದೇ ಹಾಡು

ನಗೆಪಾಟಲಾಗಬೇಕೆಂದು ನಾವು ಯಾವತ್ತೂ ಹೊರಟವರಲ್ಲ. ಅದೇ ನಮ್ಮನ್ನು ಹುಡುಕಿಕೊಂಡು ಆಳಂದಕ್ಕೆ ಬರುತ್ತಿತ್ತು. ಅದು ನಿಜಾಮರ ಕಾಲ. ನಾನು ಶಾಲೆಯ ಮಾಸ್ತರ. ಜೊತೆಗೆ ಒಬ್ಬ ದರ್ಜಿ, ಒಬ್ಬ ಟಪಾಲಿನವ, ಅತ್ತರು ಮಾರುವ ಒಬ್ಬ ಚಾಚಾ. ನಾಲ್ವರೂ ಸೊಲ್ಲಾಪುರದಿಂದ ಒಂದೊಂದು ಬುಲ್‌ಬುಲ್ ತರಂಗ ತಂದುಕೊಂಡು ಬ್ಯಾಂಡು ಕಟ್ಟಿದ್ದೆವು. ಒಂದು ಕೈಯಿಂದ ಗುಂಡಿ ಒತ್ತಿ ಇನ್ನೊಂದರಿಂದ ತಂತಿ ಮೀಟುವ ಪುಟ್ಟ ಪೆಟ್ಟಿಗೆ ಅದು. ನಮ್ಮಷ್ಟು ಚಂದ ಬಾರಿಸುವವರು ಮೂರು ತಾಲ್ಲೂಕಿನಲ್ಲಿ ಇಲ್ಲವೆಂದು ನಮಗೆ ಗೊತ್ತಿತ್ತು. ಊರಿಗೆ ಮಾತ್ರ ಗೊತ್ತಿರಲಿಲ್ಲ.

ಅದರಿಂದ ಪೆಟ್ಟು ಬಿದ್ದದ್ದು ದರ್ಜಿಗೆ. "ಬಾರಿಸ್ಕೋತ ತಿರುಗೋನಿಗೆ ಮಗಳನ್ನ ಕೊಡಂಗಿಲ್ಲ" ಎಂದು ಎರಡು ಸಂಬಂಧ ತಪ್ಪಿಹೋಗಿದ್ದವು. ವಯಸ್ಸು ಮೂವತ್ತಕ್ಕೆ ಬಂದಿತ್ತು. ಹೆಣ್ಣೂ ಸಿಗಬೇಕು, ಬ್ಯಾಂಡೂ ಉಳಿಯಬೇಕು ಎಂಬುದು ಅವನ ಹಟ.

ತಲೆಗೊಂದು ಸಾಲು

ಒಂದು ಹಾಡು ಪೂರ್ತಿ ಕಲಿಯಲು ತಿಂಗಳುಗಟ್ಟಲೆ ಬೇಕು. ನಾನು ಮಾಸ್ತರಿಕೆಯ ಬುದ್ಧಿ ಓಡಿಸಿದೆ. ಹಾಡಿಗೆ ನಾಲ್ಕು ಸಾಲು, ನಾವು ನಾಲ್ವರು. ಮೊದಲನೆಯದು ನನಗೆ, ಎರಡನೆಯದು ಚಾಚಾಗೆ, ಮೂರನೆಯದು ದರ್ಜಿಗೆ, ಕೊನೆಯದು ಟಪಾಲಿನವನಿಗೆ. ವಾರದಲ್ಲಿ ಹಾಡು ತಯಾರಾಯಿತು.

"ಮಾಸ್ತರ್ರ, ಉಳಿದ ಮೂರು ಸಾಲು ಯಾವಾಗ ಕಲಿಸ್ತೀರಿ?" ಎಂದ ದರ್ಜಿ.

"ನೀ ಹೊಲಿದ ಅಂಗಿ ಎಲ್ಲಾ ನೀನೇ ಹಾಕ್ಕೋತಿಯೇನು?" ಎಂದೆ.

ಅಫಜಲಪುರದ ಹೋಳಿಗೆ

ಅಫಜಲಪುರದ ಒಂದು ಮನೆಯ ತೊಟ್ಟಿಲ ಕಾರ್ಯಕ್ಕೆ ಕರೆ ಬಂತು. ಹೆಣ್ಣಿನ ತಂದೆಯೊಬ್ಬರು ದರ್ಜಿಯನ್ನು ನೋಡಲೆಂದೇ ಬಂದು ಕೂತಿದ್ದರು. ನನ್ನ ಸಾಲು ಮುಗಿಸಿ ಪಕ್ಕಕ್ಕೆ ತಿರುಗಿದರೆ ಚಾಚಾ ಇಲ್ಲ. ಪಡಸಾಲೆಯಲ್ಲಿ ಯಾರದೋ ಮುಂಗೈಗೆ ಅತ್ತರು ಹಚ್ಚುತ್ತ ವ್ಯಾಪಾರಕ್ಕೆ ಇಳಿದಿದ್ದಾರೆ. ಅವರ ಸಾಲಿಲ್ಲದೆ ಮುಂದೆ ಹೋಗುವಂತಿಲ್ಲ, ಸುಮ್ಮನೆ ಕೂತೆವು. ಹಾಡು ಮುಗಿಯಿತೆಂದು ಮನೆಯವರು ಎಲೆ ಹಾಕಿದರು. ಹಸಿವಾಗಿತ್ತು, ಹೋಳಿಗೆಗೆ ಕೈ ಹಾಕಿದೆವು. ಅಷ್ಟರಲ್ಲಿ ಚಾಚಾ ಓಡಿಬಂದು, ತಮ್ಮ ಸಾಲನ್ನು ಒಬ್ಬರೇ ಅಚ್ಚುಕಟ್ಟಾಗಿ ಬಾರಿಸಿದರು.

ಹೆಣ್ಣಿನ ತಂದೆ ಎದ್ದು ನಿಂತರು. "ಮೂರು ಮಂದಿ ಉಣ್ಣಾಕತ್ತಾರ, ಒಬ್ಬರೇ ದುಡ್ಯಾಕತ್ತಾರ. ವರ ಯಾವದ್ರಾಗ ಅದಾನಂತ ತಿಳೀತು."

ಜೇವರ್ಗಿಯ ಒಪ್ಪಿಗೆ

ಮುಂದಿನ ಸಂಬಂಧ ಜೇವರ್ಗಿಯದು. ದರ್ಜಿಯ ಜೊತೆ ವರನ ಕಡೆ ಹಿರಿಯನಾಗಿ ನಾನೊಬ್ಬನೇ ಹೋದೆ. "ಬಾರಿಸೋದು ಮುಚ್ಚಿಡಂಗಿಲ್ಲ" ಎಂದು ದರ್ಜಿ ತನ್ನ ಪೆಟ್ಟಿಗೆಯನ್ನು ಬಗಲಲ್ಲೇ ಇಟ್ಟುಕೊಂಡಿದ್ದ. ಆ ಮನೆಯಲ್ಲಿ ಹೆಣ್ಣಿನ ಅಪ್ಪ, ಅವರ ಮೂವರು ತಮ್ಮಂದಿರು. ನಾಲ್ವರೂ ಒಮ್ಮೆಲೇ ಮಾತಾಡುವವರು. ಒಬ್ಬರದು ಮುಗಿಯಲಿ ಎಂದು ಇನ್ನೊಬ್ಬರು ಕಾದದ್ದನ್ನು ನಾನು ಕಾಣಲಿಲ್ಲ. ಚುರುಮುರಿಯ ಸುಸಲಾ ತಿಂದಾದ ಮೇಲೆ ಅಪ್ಪ, "ಒಂದೀಟು ಬಾರಸ್ರಿ, ಕೇಳೂಣು" ಅಂದರು.

ನಾನು ದರ್ಜಿಯ ಪೆಟ್ಟಿಗೆಯನ್ನೇ ತೊಡೆಯ ಮೇಲಿಟ್ಟು ನನ್ನ ಸಾಲು ಬಾರಿಸಿದೆ. ಆಮೇಲೆ ಚಾಚಾನ ಸಾಲಿನಷ್ಟು ಹೊತ್ತು ಇಬ್ಬರೂ ಬೆರಳೆಣಿಸುತ್ತ ಕೂತೆವು.

"ಯಾಕ್ರಿ, ನಿಂದ್ರಿಸಿದ್ರಿ?" ಎಂದರು ಅಪ್ಪ.

"ಇದು ಚಾಚಾರ ಪಾಳಿ ಅದರಿ. ಅವ್ರು ಆಳಂದದಾಗ ಅದಾರ" ಎಂದ ದರ್ಜಿ.

ನಂತರ ಅವನು ಪೆಟ್ಟಿಗೆ ತೆಗೆದುಕೊಂಡು ತನ್ನ ಸಾಲು ಬಾರಿಸಿ ಕೈ ಕಟ್ಟಿ ಕೂತ.

"ಉಳಿದಿದ್ದು?"

"ಟಪಾಲಿನವಂದ್ರಿ."

ಅಪ್ಪ ಮುಖ ಸಿಂಡರಿಸಿದರು. "ಅರ್ಧಾ ಹಾಡಿನವನಿಗೆ ಮಗಳನ್ನ ಹ್ಯಾಂಗ್ ಕೊಡೂದು?"

ದರ್ಜಿ ಪೆಟ್ಟಿಗೆಗೆ ಅರಿವೆ ಸುತ್ತತೊಡಗಿದ. ಆಗ ಬಾಗಿಲ ಹಿಂದಿನಿಂದ ಹುಡುಗಿಯ ದನಿ ಬಂತು.

"ಅಪ್ಪಾ, ನನಗ ಒಪ್ಪಿಗಿ ಅದ. ತನ್ನದು ಮುಗಿಸಿ, ಮಂದೀದು ಮುಗಿಯೋತನಕ ಸುಮ್ಮನ ಕೂಡೋ ಗಂಡಸನ್ನ ನಾ ಈ ಮನ್ಯಾಗ ನೋಡೇ ಇಲ್ಲ."

ಲಗ್ನ ಗಟ್ಟಿಯಾದದ್ದು ಆ ಮಾತಿನ ಮೇಲೆ. ಯಾಕೆಂದರೆ ಅದನ್ನು ಅಲ್ಲಗಳೆಯಲು ಅಪ್ಪನೂ ಮೂವರು ಕಾಕಾಗಳೂ ಒಮ್ಮೆಲೇ ಬಾಯಿ ತೆರೆದರು: "ನಾವ್ ಯಾವಾಗ ಒಬ್ಬರ ಮಾತಿನ ನಡುವ ಮಾತಾಡ್ತೇವಿ?"