ಗಣಪಜ್ಜನ ಕುಟ್ಟಾಣಿ ಮತ್ತು ಜಪಾನಿನ ಪ್ರೊಫೆಸರರು

ಎಣಿಕೆಯ ವಿಷಯದಲ್ಲಿ ನಾನು ಎಂದೂ ತಪ್ಪುವವಳಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಹೇಳುವ ಧೈರ್ಯ ಉಳಿಯುವುದಿಲ್ಲ.

ಕುಮಟಾದಿಂದ ಹೊನ್ನಾವರದವರೆಗೆ ಹೆದ್ದಾರಿ ಬದಿಯಲ್ಲಿ ಹೂತ ಕೇಬಲ್ಲಿನೊಳಗೆ, ಕೂದಲಿನಷ್ಟು ಸಣ್ಣ ಗಾಜಿನ ಎಳೆಯಲ್ಲಿ ಬೆಳಕು ಓಡುತ್ತದೆ. ಆ ಬೆಳಕಿನ ಮೇಲೆ ಎಷ್ಟು ಮಾಹಿತಿಯನ್ನು ಎಷ್ಟು ವೇಗವಾಗಿ ಕಳಿಸಬಹುದೆಂದು ನಮ್ಮ ಕಾಲೇಜೂ ಜಪಾನಿನ ಒಂದು ವಿಶ್ವವಿದ್ಯಾಲಯವೂ ಜೊತೆಯಾಗಿ ಪರೀಕ್ಷಿಸುತ್ತಿದ್ದವು. ಈ ಮಹಾಕಾರ್ಯದಲ್ಲಿ ನನ್ನ ಪಾಲು ಇಷ್ಟೇ: ಹಳದೀಪುರದ ನಮ್ಮ ಮನೆಯ ಹೊರಕೋಣೆಯಲ್ಲಿಟ್ಟ ಯಂತ್ರದ ಮುಂದೆ ಕೂತು, ನೆಲ ಅದುರಿ ಬೆಳಕು ತಡವರಿಸಿದಾಗಲೆಲ್ಲ ದಿನಾಂಕ, ಗಂಟೆ, ಕಾರಣ ಬರೆಯುವುದು.

ಜನವರಿ ಮೂರರಿಂದ ಬೆಳಕು ದಿನವೂ ತಡವರಿಸತೊಡಗಿತು. ಬೆಳಿಗ್ಗೆ ಏಳೂ ನಲವತ್ತಕ್ಕೆ ಇಪ್ಪತ್ತೆರಡು ಏಟು, ಸ್ವಲ್ಪ ಬಿಡುವು, ಆಮೇಲೆ ಆರು ಮೆಲು ಏಟು. ರೈಲಿನದಲ್ಲ, ರೈಲು ತಡವಾದ ದಿನವೂ ಇದು ತಡವಾಗಲಿಲ್ಲ. ಹತ್ತೊಂಬತ್ತು ದಿನ ಎಣಿಸಿ, ಇದು ಸಮುದ್ರದ ಅಲೆಗಳು ನೆಲದೊಳಗೆ ಕಳಿಸುವ ಕಂಪನವೆಂದು ಒಂಬತ್ತು ಪುಟದ ವರದಿ ಬರೆದೆ. ಅಲೆಗಳು ದಿನಾ ಏಳೂ ನಲವತ್ತಕ್ಕೇ ಯಾಕೆ ಬರುತ್ತವೆ ಎಂದು ಅಮ್ಮ ಕೇಳಿದಳು. ಅಮ್ಮ ವಿಜ್ಞಾನ ಓದಿಲ್ಲವೆಂದು ವರದಿಯನ್ನು ಜಪಾನಿಗೆ ಕಳಿಸಿಬಿಟ್ಟೆ.

ಜಪಾನಿನ ಪ್ರೊಫೆಸರರು ಕಣ್ಣಾರೆ ನೋಡಬೇಕೆಂದರು. ಜನವರಿ ಇಪ್ಪತ್ತೆಂಟು, ವಿಡಿಯೋ ಸಭೆ. ಸರಿಯಾಗಿ ಏಳೂ ನಲವತ್ತಕ್ಕೆ ಪರದೆಯ ಮೇಲೆ ಏಟುಗಳು ಬೀಳತೊಡಗಿದವು. “ಅರಬ್ಬೀ ಸಮುದ್ರ!” ಎಂದು ಘೋಷಿಸಿದೆ. ಕೇಬಲ್ ಗುಂಡಿ ಹತ್ತಿರದಲ್ಲಿದ್ದರೆ ತೋರಿಸುವಿರಾ ಎಂದು ಅವರು ವಿನಯದಿಂದ ಕೇಳಿದರು. ಮೊಬೈಲ್ ಹಿಡಿದು ರಸ್ತೆಗೆ ಓಡಿದೆ.

ಗುಂಡಿಯ ಸಿಮೆಂಟ್ ಮುಚ್ಚಳದ ಮೇಲೆ ಪಕ್ಕದ ಮನೆಯ ಗಣಪಜ್ಜ ಕೂತು, ಕಬ್ಬಿಣದ ಕುಟ್ಟಾಣಿಯಲ್ಲಿ ಕವಳ ಕುಟ್ಟುತ್ತಿದ್ದ. ಬಾಯಲ್ಲಿ ಒಂದು ಹಲ್ಲೂ ಇಲ್ಲ. ಎಲೆ, ಅಡಿಕೆ, ಸುಣ್ಣ ಒಟ್ಟಿಗೆ ನುಣ್ಣಗಾದರೆ ಮಾತ್ರ ಬಾಯಿಗೆ. ಆರು ಮೆಲು ಏಟು, ಅಂಟಿಕೊಂಡದ್ದನ್ನು ಕೊಡವಿಕೊಳ್ಳುವುದು. ಮೊಬೈಲಿನಲ್ಲಿ ಪ್ರೊಫೆಸರರ ಮುಖ ಕಂಡದ್ದೇ ಕುಟ್ಟಾಣಿ ಮುಂದೆ ಚಾಚಿ, “ಅವ್ರಿಗೂ ಒಂದು ಕವಳ ಬೇಕಾ ಕೇಳು ತಂಗಿ” ಎಂದ. ಪ್ರೊಫೆಸರರು ಬಾಗಿ ನಮಸ್ಕರಿಸಿದರು. ಅರಬ್ಬೀ ಸಮುದ್ರ ಅಲ್ಲಿಗೆ ಬತ್ತಿತು.

ಅವಮಾನದ ಬಿಸಿಯಲ್ಲೇ, ಈ ಏಟಿಗೆ ಕೇಬಲ್ಲಿನ ಬೆಳಕು ತಡವರಿಸುತ್ತದೆ, ಬೇರೆ ಕಡೆ ಕೂತು ಕುಟ್ಟು ಎಂದು ಅಜ್ಜನಿಗೆ ಹೇಳಿದೆ.

“ಬೆಳಕಿಗೂ ಕಿವಿ ಇದ್ದಾ?” ಎಂದ.

ಕೂತು ಕುಟ್ಟಲು ಅವನಿಗೆ ಬೇರೆ ಜಾಗ ಇರಲಿಲ್ಲ. ಜಗಲಿಗೆ ಹೊಸ ಟೈಲ್ಸ್ ಬಂದಿತ್ತು, ಏಟು ಬಿದ್ದರೆ ಒಡೆದೀತು. ಅಂಗಳದಲ್ಲಿ ಕುಟ್ಟಿದರೆ ಮೊಮ್ಮಗಳ ಎಳೆಗೂಸು ಎಚ್ಚರಾಗುತ್ತಿತ್ತು. ಉಳಿದಿದ್ದು ಈ ಮುಚ್ಚಳ ಒಂದೇ. ಟೈಲ್ಸ್ ಹಾಕಿದ್ದು ಜನವರಿ ಎರಡಕ್ಕೆ. ಅದನ್ನು ಬರೆಯುವ ಅಂಕಣ ನನ್ನ ಪುಸ್ತಕದಲ್ಲಿರಲಿಲ್ಲ.

“ಆತು. ನಿನ್ನ ಬೆಳಕು ಸುಖವಾಗಿ ಹೋಗ್ಲಿ” ಎಂದು ಅಜ್ಜ ಮೊಣಕಾಲು ಹಿಡಿದು ಎದ್ದ. ನಾನು ಬರೆದೆ: ಕಾರಣ, ಕವಳ. ನಿವಾರಣೆ, 8.05.

ಮರುದಿನ ಪ್ರೊಫೆಸರರ ಪತ್ರ ಬಂತು. ಊರಿನ ನೆಲದಲ್ಲಿ ಹೂತ ಕೇಬಲ್ ಊರಿನವರ ಏಟು ತಾಳಲೇಬೇಕು. ಅಂಥ ಏಟಿನಲ್ಲೂ ಬೆಳಕನ್ನು ತಪ್ಪಿಲ್ಲದೆ ಓದಲು ಕಲಿಯುವುದೇ ನಮ್ಮ ಸಂಶೋಧನೆ. ಅಜ್ಜನವರು ದಯವಿಟ್ಟು ಮುಂದುವರಿಸಲಿ.

ಪತ್ರವನ್ನು ಅಜ್ಜನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಅವನು ನಂಬಲಿಲ್ಲ.

“ನಂಗೆ ಬೇಜಾರಾಗ್ತು ಹೇಳಿ ಸುಳ್ಳು ಹೇಳಡ ತಂಗಿ. ಕವಳ ಬಿಟ್ಟಾತು.”

ಒಟ್ಟು ನಾಲ್ಕು ಸಲ ಹೋಗಿ ಕರೆದೆ. ನಾಲ್ಕು ಸಲವೂ ನಕ್ಕು, “ಇವತ್ತು ಬೆಳಕು ಸಮಾ ಮುಟ್ಟಿದ್ದಾ?” ಎಂದಷ್ಟೇ ಕೇಳಿದ. ಐದನೆಯ ಸಲಕ್ಕೆ ಅವನಿರಲಿಲ್ಲ. ಮಾರ್ಚ್ ಹನ್ನೊಂದು, ನಿದ್ದೆಯಲ್ಲೇ. ವಯಸ್ಸು ಎಂಬತ್ತಾರು, ಕವಳಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಇರಬಹುದು. ಕವಳವಿಲ್ಲದ ದಿನಗಳು ನಲವತ್ತೊಂದು.

ಅವನ ಸೊಸೆ ಕುಟ್ಟಾಣಿಯನ್ನು ನನಗೆ ಕೊಟ್ಟಳು. ನಿನ್ನೆ ಏಳೂ ನಲವತ್ತಕ್ಕೆ ಮುಚ್ಚಳದ ಮೇಲೆ ಕೂತು ನಾನೇ ಕುಟ್ಟಿದೆ. ಸಂಶೋಧನೆಗಾಗಿ ಎಂದು ಅಮ್ಮನಿಗೆ ಹೇಳಿದೆ. ಮಧ್ಯಾಹ್ನದೊಳಗೆ ಪ್ರೊಫೆಸರರ ಪತ್ರ: ಅಜ್ಜನವರು ಮರಳಿದ್ದು ಸಂತೋಷ, ಆದರೆ ಲಯ ಬೇರೆಯಾಗಿದೆ, ಏಟುಗಳೂ ಮೂವತ್ತೊಂದು ಇವೆ. ಅವರು ಆರೋಗ್ಯವಾಗಿದ್ದಾರೆಯೇ?

ನಾನು ಎಣಿಸಿದ್ದು ಇಪ್ಪತ್ತೆರಡೇ.